ಪಾಪಯ್ಯನ ಹೇಳಿಕೆ

“ಏ ಮುಂಡೇವಾ, ಕಾಗದ ನೋಡ್ತಾ ನಿಂತ್ರೆ ಸುಡೋರು ಯಾರು, ನಿಮ್ಮಪ್ಪನಾ? ಎತ್ತಿ ಬಿಸಾಕ್ರೋ ಬೆಂಕಿಗೆ!”

ಗುಮಾಸ್ತ ಆದಿನಾರಾಯಣಪ್ಪ ಮೂಗಿಗೆ ಕರವಸ್ತ್ರ ಹಿಡಿದು ಜಗಲಿಯ ಮೇಲಿಂದ ಅರಚುತ್ತಿದ್ದ. ರಾಜಘಟ್ಟದ ಆಚೆಯ ಹೊಲಗೇರಿಯಿಂದ ಬಂದ ನಾವು ಹದಿನೆಂಟು ಜನ, ದೇವನಹಳ್ಳಿ ದಾರಿಯ ಮಿಲಿಟರಿ ಕ್ಯಾಂಪಿನಲ್ಲಿ ಬೆಳಗಿನಿಂದ ಕಾಗದ ಸುಡುತ್ತಿದ್ದೆವು. ಯುದ್ಧ ಮುಗಿದು ಎರಡು ವರ್ಷವಾಗಿತ್ತು. ದೊರೆಗಳು ಗಂಟುಮೂಟೆ ಕಟ್ಟುತ್ತಿದ್ದರು. ಒಯ್ಯಲಾಗದ್ದನ್ನೂ ತೋರಿಸಲಾಗದ್ದನ್ನೂ ಸುಟ್ಟು ಹೋಗುವುದು ಅವರ ಪದ್ಧತಿ ಇರಬೇಕು.

ನನ್ನ ಪಕ್ಕದಲ್ಲಿ ಕಟ್ಟು ಹೊರುತ್ತಿದ್ದವಳು ಸೊಣ್ಣಮ್ಮ. ಅವಳ ಒಬ್ಬನೇ ಮಗ ಪಾಪಯ್ಯ ಇದೇ ಕ್ಯಾಂಪಿನ ಪಟಾಲಮ್ಮಿನಲ್ಲಿ ಸಿಪಾಯಿಗಳ ಜೊತೆ ಬರ್ಮಾಕ್ಕೆ ಹೋದವನು. ಬಂದೂಕು ಕೊಡುತ್ತೇವೆ ಎಂದು ಕರೆದೊಯ್ದು ಗುದ್ದಲಿ ಕೊಟ್ಟರು. ಆಮೇಲೆ ಅಲ್ಲಿಯೇ ಮಿಲಿಟರಿ ಕೋರ್ಟು ಕೂತು ಅವನಿಗೆ ಗುಂಡು ಹೊಡೆಸಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಊರಿನವರು ಮಾತ್ರ ತೋಚಿದ್ದನ್ನೆಲ್ಲ ಹೇಳಿದರು. ಕಳ್ಳ ಅಂದರು, ಜಪಾನಿನವರಿಗೆ ಮಾರಿಕೊಂಡ ಅಂದರು. ದ್ರೋಹಿಯನ್ನು ಹೆತ್ತವಳೆಂದು ಸೊಣ್ಣಮ್ಮನನ್ನು ಯಾವ ಕಣಕ್ಕೂ ಕೂಲಿಗೆ ಕರೆಯಲಿಲ್ಲ.

ಅದೇ ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದಿದ್ದ ದೊಡ್ಡಬಳ್ಳಾಪುರದ ಹೈದರ್ ಅವಳಿಗೊಂದು ಮಾತು ಹೇಳಿದ್ದ. “ಅಮ್ಮಾ, ಕೋರ್ಟಲ್ಲಿ ನಿನ್ ಮಗ ಏನೇನ್ ಅಂದ್ನೋ ಎಲ್ಲಾ ಬರ್ಕೊಂಡಿರ್ತಾರೆ. ಹೋಗಿ ಕೇಳು.” ಮುದುಕಿಗೆ ಅಷ್ಟೇ ಸಾಕಾಯಿತು. ಹೆಣವಂತೂ ಸಿಗಲಿಲ್ಲ, ಅವನ ಬಾಯಿಂದ ಬಂದ ಮಾತಾದರೂ ಸಿಗಲಿ ಎಂದು ವಾರವಾರವೂ ಹತ್ತು ಮೈಲಿ ನಡೆದು ಈ ಗೇಟಿಗೆ ಬಂದಳು. ಆದಿನಾರಾಯಣಪ್ಪ ಅವಳ ಅರ್ಜಿಯನ್ನು ನೆಲದ ಮೇಲಿಡಿಸಿ ಕೋಲಿನಿಂದ ಎಳೆದುಕೊಳ್ಳುತ್ತಿದ್ದ. ಒಂದು ಸಲ ಜೊತೆಗೆ ನಾನೂ ಇದ್ದೆ.

“ಅದು ಗುಪ್ತ ಕಾಗದ. ಆಪಾದಿತನೇ ಕೇಳಿದ್ರೆ ನಕಲು ಕೊಡ್ತೀವಿ. ಪಾಪಯ್ಯನ್ನ ಕರ್ಕೊಂಡ್ಬಾ, ಹೆಬ್ಬೆಟ್ಟು ಒತ್ಲಿ” ಅಂದ.

“ಗುಂಡು ಹೊಡ್ದೋರು ನೀವೇ ಅಲ್ವಾ ಸ್ವಾಮಿ? ಎಲ್ಲಿಂದ ಕರ್ಕೊಂಡ್ಬರ್ಲಿ?”

“ರೂಲ್ಸು ಅಂದ್ರೆ ರೂಲ್ಸೇ.”

ಅವನು ನಗಲೂ ಇಲ್ಲ. ನನಗೆ ಮೈಯೆಲ್ಲ ಉರಿದಿತ್ತು, ಆದರೂ ಕೈಕಟ್ಟಿಕೊಂಡೇ ನಿಂತಿದ್ದೆ. ಎರಡು ವರ್ಷ ನಾವು ಕಣ್ಣಿಂದಲೂ ನೋಡಬಾರದಿದ್ದ ಕಾಗದಗಳು ಇವತ್ತು ನಮ್ಮ ತಲೆಯ ಮೇಲಿದ್ದವು. ಸುಡುವುದಕ್ಕೆ ನಮ್ಮ ಕೈ ಮೈಲಿಗೆಯಲ್ಲ.

ಮಧ್ಯಾಹ್ನ ಅರಗಿನ ಮುದ್ರೆಯ ಕಟ್ಟುಗಳು ಹೊರಬಂದವು. ಸೊಣ್ಣಮ್ಮ ಒಂದನ್ನು ಎದೆಗವಚಿಕೊಂಡು ನಿಂತುಬಿಟ್ಟಳು.

“ಇವು ಎಂಥ ಕಾಗದ ಸ್ವಾಮಿ?”

“ಕೋರ್ಟ್ ಮಾರ್ಷಲ್ದು. ನಿಂಗ್ಯಾಕೆ? ಹಾಕು.”

“ನನ್ ಮಗಂದೂ ಇದ್ರಾಗೈತಾ?”

“ಇದ್ರೂ ಇರ್ಬೋದು. ಹಾಕೇ ಮುಂಡೆ, ಹೊತ್ತಾಯ್ತು.”

ಅವಳು ಜಗಲಿಯ ಕೆಳಗೆ ಮಂಡಿಯೂರಿದಳು. “ಕೊಡ್ಬ್ಯಾಡ ನನ್ನಪ್ಪಾ. ಒಂದ್ಸಲ ಓದ್ಬುಟ್ಟು ನೀನೇ ಸುಡು. ಏನಂದ ಅಂತ ಕೇಳ್ತೀನಿ, ಅಷ್ಟೇಯ. ಅವ್ವಾ ಅಂದ್ನಾ, ನೀರು ಕೇಳಿದ್ನಾ…”

“ಥೂ, ಹತ್ರ ಬರ್ಬೇಡ! ಮತ್ತೆ ಸ್ನಾನ ಮಾಡ್ಬೇಕು ನಾನು.” ಅವನು ಕೆಳಗಿಳಿದು, ಅವಳು ಮುಂದಿಟ್ಟಿದ್ದ ಕಟ್ಟನ್ನು ಬೂಟುಗಾಲಿನಿಂದ ಬೆಂಕಿಗೆ ಒದ್ದ.

ಸೊಣ್ಣಮ್ಮ ಎರಡೂ ಕೈಯನ್ನು ಬೆಂಕಿಯೊಳಗಿಟ್ಟು ಕಟ್ಟನ್ನು ಎಳೆದುಕೊಂಡಳು. ಕರಗಿದ ಅರಗು ಅಂಗೈಗೆ ಅಂಟಿ ಚರ್ಮ ಸುಲಿದು ಬಂತು. ನೋಡಲಾಗದೆ ನಾನು ಅತ್ತುಬಿಟ್ಟೆ.

ಅದು ಪಾಪಯ್ಯನದೋ ಅಲ್ಲವೋ ಯಾರಿಗೆ ಗೊತ್ತು? ಹದಿನೆಂಟು ಜನರಲ್ಲಿ ಒಬ್ಬರಿಗೂ ಅಕ್ಷರ ಬಾರದು. ಅವನದು ಯಾವುದೆಂದು ತಿಳಿಯದ ಮೇಲೆ ಯಾವುದನ್ನೂ ಸುಡುವಂತಿರಲಿಲ್ಲ. ನಾನು ಒಂದು ಕಟ್ಟು ಎತ್ತಿಕೊಂಡೆ. ನಮ್ಮ ಕೇರಿಯ ದ್ಯಾವಮ್ಮ ಎರಡು ಎತ್ತಿ ಕಂಕುಳಿಗಿಟ್ಟಳು. “ನಡೀರ್ಲಾ” ಅಂದಳು. ಎಲ್ಲರೂ ಕೈಗೆ ಸಿಕ್ಕಷ್ಟು ತಬ್ಬಿಕೊಂಡು ಗೇಟಿನ ಕಡೆ ಹೊರಟೆವು.

“ಲೇ, ಬೋಳಿಮಕ್ಳಾ! ಸರ್ಕಾರಿ ಕಾಗದ ಕಣ್ರೋ! ಪಹರೇ, ಹಿಡೀರಿ!”

ಗೇಟಿನ ಸಿಪಾಯಿ ಬಂದೂಕು ಎತ್ತಿ ಗುರಿ ಹಿಡಿದ. ಇನ್ನೂ ಮೀಸೆ ಬಲಿಯದ ಹುಡುಗ. ನಾನು ನಿಂತೆ. ಎಲ್ಲರೂ ನಿಂತರು.

ಸೊಣ್ಣಮ್ಮ ನಿಲ್ಲಲಿಲ್ಲ. ನಳಿಕೆ ಎದೆಗೆ ತಾಗುವಷ್ಟು ಹತ್ತಿರ ಹೋಗಿ, ಅರ್ಧ ಸುಟ್ಟ ಕಟ್ಟನ್ನು ಅವನ ಮುಂದೆ ಚಾಚಿದಳು.

“ನಿಂಗೆ ಓದಕ್ಕೆ ಬರ್ತದಾ, ಮಗಾ?”