ಜೋಡುನಳಿಗೆಯ ರೇಟು

ಎಲ್ಲರೂ ಸ್ಪ್ರಿಂಗು ಎಂದೇ ಕರೆಯುವ ಮುದುಕ ಎರಡನೆಯ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಕಂಬಿ ಹಿಡಿದು ನಿಂತುಬಿಟ್ಟ. ಮೇಲಿನಿಂದ ಇಳಿದು ಬರುತ್ತಿದ್ದ ರೇಟಣ್ಣನ ಪಕ್ಕದ ಮನೆಯ ಹೆಂಗಸು, "ರೇಟಣ್ಣನವರ ಮನೆಗಾ? ಇನ್ನೊಂದೇ ಮಹಡಿ, ಹತ್ತಿಬಿಡಿ" ಎಂದಳು.

ಮಹಡಿಯ ಚಿಂತೆ ಅವನಿಗಿರಲಿಲ್ಲ. ಕಾಲೂ ಗಟ್ಟಿಯಾಗಿತ್ತು, ಉಸಿರೂ ನೆಟ್ಟಗಿತ್ತು. ಐದಾರು ವರ್ಷ ಮಾತು ಬಿಟ್ಟವನ ಮನೆಗೆ, ಅವನು ಸತ್ತ ದಿನ ಯಾವ ಮುಖ ಇಟ್ಟುಕೊಂಡು ಹೋಗುವುದು ಎಂಬುದೇ ಚಿಂತೆ. ರೇಟಣ್ಣ ತನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದನೋ, ಬಿಟ್ಟು ಹೋದನೋ? ಅದೊಂದು ಗೊತ್ತಾದರೆ ಸಾಕಿತ್ತು. ಕೇಳೋಣವೆಂದರೆ, ಹೇಳಬೇಕಾದವನೇ ಹೊರಟುಹೋಗಿದ್ದ.

ಬಾಗಿಲ ಹೊರಗೆ ಬೆರಳೆಣಿಕೆಯಷ್ಟು ಚಪ್ಪಲಿಗಳಿದ್ದವು. ಸ್ಪ್ರಿಂಗು ಅವನ್ನು ಒಂದೊಂದಾಗಿ ಎಣಿಸಿದ. ಒಂದು ಕಾಲದಲ್ಲಿ ಊರಿನ ದೊಡ್ಡ ಮನುಷ್ಯರೆಲ್ಲ ಬಂದೂಕಿನ ಅಂಗಡಿಯ ಕೌಂಟರಿನ ಮೇಲೆ ಮೊಣಕೈ ಊರಿಕೊಂಡು ಈ ರೇಟಣ್ಣನ ಬಾಯನ್ನೇ ನೋಡುತ್ತ ನಿಂತಿರುತ್ತಿದ್ದರು.

ರೇಟಣ್ಣನ ಮಗಳು ಎದ್ದು ಬಂದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಸ್ಪ್ರಿಂಗ್ ಮಾವ! ಬರ್ತೀರೋ ಇಲ್ವೋ ಅಂತಿದ್ದೆ."

"ಬರದೇ ಇರ್ತೀನಾ ಮಗಳೇ?" ಎಂದ. ಬರುವುದೋ ಬೇಡವೋ ಎಂದು ಸ್ಟಾಪಿನಲ್ಲಿ ಕೂತು ಬಂದ ಬಸ್ಸುಗಳನ್ನೆಲ್ಲ ಬಿಟ್ಟದ್ದನ್ನು ಮಾತ್ರ ಹೇಳಲಿಲ್ಲ.

ಸೋಫಾವನ್ನು ಗೋಡೆಗೆ ಒತ್ತಿ, ನಡುಮನೆಯಲ್ಲಿ ರೇಟಣ್ಣನನ್ನು ಮಲಗಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೇಬಿನಲ್ಲಿ ಪೆನ್ನಿಲ್ಲದ ರೇಟಣ್ಣನನ್ನು ಅವನು ನೋಡಿದ್ದು ಅದೇ ಮೊದಲು. ಮುಖ ಇಳಿದು, ಕಿವಿಗಳೆರಡೂ ದೊಡ್ಡದಾಗಿ ಕಾಣುತ್ತಿದ್ದವು.

ಅಳಿಯ ಕಿಟಕಿಯ ಹತ್ತಿರ ಫೋನಿನಲ್ಲಿ ಚೌಕಾಸಿ ಮಾಡುತ್ತಿದ್ದ. "ಆರು ಸಾವಿರಾನಾ? ಬರೀ ವ್ಯಾನಿಗಾ? ಏನ್ರೀ ಇದು, ಅವರೇನು ಟೂರ್ ಹೊರಟಿದ್ದಾರಾ?"

ಆರು ಸಾವಿರ ಎಂದರೆ ಆ ಕಾಲದ ಆರು ಜೋಡುನಳಿಗೆ ಕೋವಿ, ಮೇಲಿಷ್ಟು ಗುಂಡಿನ ತೋಟೆ ಎಂದು ಸ್ಪ್ರಿಂಗುವಿನ ತಲೆಯಲ್ಲಿ ಲೆಕ್ಕ ತಾನಾಗಿಯೇ ಓಡಿತು. ರೇಟಣ್ಣನ ಲೆಕ್ಕದಲ್ಲಾದರೆ ಏಳು. ರೂಢಿಯಂತೆ ಅವನತ್ತ ತಿರುಗಿದ. ಅವನು ಸುಮ್ಮನೆ ಮಲಗಿದ್ದ.

*

ಇಬ್ಬರೂ ಒಂದೇ ಬಂದೂಕಿನ ಅಂಗಡಿಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವರು. ಮುಂದಿನ ಕೌಂಟರು ರೇಟಣ್ಣನದು, ಹಿಂದಿನ ರಿಪೇರಿ ಮೇಜು ಸ್ಪ್ರಿಂಗುವಿನದು. ಯಾವ ಕೋವಿ ಬಂದರೂ ಮೊದಲು "ಸ್ಪ್ರಿಂಗು ಹೋಗಿದೆ" ಎಂದುಬಿಡುವ ಚಾಳಿಯಿಂದ ಇವನಿಗೆ ಆ ಹೆಸರು ಬಂತು. ರೇಟಣ್ಣನಿಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಯೇ ಇಲ್ಲ. ಒಂಟಿನಳಿಗೆ, ಜೋಡುನಳಿಗೆ, ಎಣ್ಣೆ, ಚರ್ಮದ ಚೀಲ ಎಲ್ಲದರ ರೇಟೂ ನಾಲಿಗೆಯ ತುದಿಯಲ್ಲಿ. ಮಾಲೀಕನೇ ಬಂದು ಅವನನ್ನು ಕೇಳಿಕೊಂಡು ಹೋಗುತ್ತಿದ್ದ.

ಅಂಗಡಿ ಮುಚ್ಚಿದ ಮೇಲೆ ರೇಟಣ್ಣನ ಹುಚ್ಚು ಇನ್ನೂ ಜಾಸ್ತಿಯಾಯಿತು. ಲೋಕದಲ್ಲಿರುವುದನ್ನೆಲ್ಲ ಕೋವಿಯಲ್ಲಿ ಅಳೆಯತೊಡಗಿದ. ಮಗಳು ಫ್ರಿಜ್ಜು ತಂದರೆ, "ಇಪ್ಪತ್ತು ಜೋಡುನಳಿಗೆ ಕೊಟ್ಟು ತಣ್ಣೀರು ತಂದಳು" ಎಂದ. ಕನ್ನಡಕ ಬದಲಾಯಿಸಿದಾಗ, "ಮೂಗಿನ ಮೇಲೆ ಎರಡು ಕೋವಿ ಹೊತ್ಕೊಂಡು ತಿರುಗ್ತಾ ಇದ್ದೀನಿ ಕಣೋ" ಎಂದ. ಬೇರೆಯವರಿಗೆ ಇದು ತಲೆನೋವು. ರೇಟಣ್ಣ ಬರುವುದು ಕಂಡರೆ ಜನ ಅಡ್ಡರಸ್ತೆ ಹಿಡಿಯುತ್ತಿದ್ದರು. ಸ್ಪ್ರಿಂಗು ಮಾತ್ರ ದಿನಾ ಚಹಾದಂಗಡಿಯ ಬೆಂಚಿನಲ್ಲಿ ಅವನಿಗೆ ಜಾಗ ಹಿಡಿದಿಟ್ಟು ಕಾಯುತ್ತಿದ್ದ.

"ಅಷ್ಟು ಅಗ್ಗ ಇತ್ತಲ್ಲ, ನೀನ್ಯಾಕೆ ಒಂದು ತಗೊಳ್ಳಲಿಲ್ಲ?" ಎಂದು ಒಮ್ಮೆ ಕೆಣಕಿದ್ದ.

"ಸಂಬಳ ಎಷ್ಟಿತ್ತು ಹೇಳು? ನೂರೈವತ್ತು. ಆರು ತಿಂಗಳು ಉಪವಾಸ ಇದ್ರೆ ಒಂದು ಕೋವಿ ಬರ್ತಿತ್ತು. ಮಿಕ್ಕ ಐವತ್ತಕ್ಕೆ ತೋಟೆ. ಹೆಂಡತಿ ಮಕ್ಕಳನ್ನ ಉಪವಾಸ ಕೆಡವಿ, ಅದನ್ನಿಟ್ಕೊಂಡು ಯಾರಿಗೆ ಹೊಡೀಲಿ? ಮಾಲೀಕನಿಗಾ?"

ನಕ್ಕು ನಕ್ಕು ಸ್ಪ್ರಿಂಗುವಿಗೆ ಚಹಾ ನೆತ್ತಿಗೇರಿತ್ತು. ಆಮೇಲೆ ನಗು ಇಳಿದಾಗ ಒಂದು ಮಾತು ಕೊರೆಯಿತು. "ಮಿಕ್ಕ ಐವತ್ತು ಎಲ್ಲಿಂದ ಬಂತೋ? ಜೋಡುನಳಿಗೆ ಒಂಬೈನೂರು. ಆರು ತಿಂಗಳ ಸಂಬಳ ಸರಿಗೆ ಸರಿ."

"ಎಂಟುನೂರ ಐವತ್ತು."

"ಒಂಬೈನೂರು ಕಣೋ. ಮಾಲೀಕನ ಮಗಳ ಮದುವೆ ಆದ ವರ್ಷ."

"ರೇಟಿನ ಚೀಟಿ ಕಟ್ಟಿದ್ದು ನೀನಾ ನಾನಾ?"

ಮೊದಲು ತಮಾಷೆ, ಆಮೇಲೆ ಹಟ. ಬೆಂಚಿನಲ್ಲಿದ್ದವರು ಇಬ್ಬರನ್ನೂ ಎತ್ತಿಕಟ್ಟಿ ಮಜಾ ತಗೊಂಡರು. ಮಾತಿಗೆ ಮಾತು ಬೆಳೆದು, ಕೊನೆಗೆ ಸ್ಪ್ರಿಂಗುವಿನ ಬಾಯಿಂದ, "ನಿನಗೆ ಅರಳು ಮರಳು ಶುರುವಾಗಿದೆ, ಹೋಗಿ ಡಾಕ್ಟರಿಗೆ ತೋರಿಸ್ಕೋ" ಎಂಬ ಮಾತು ಬಂದುಬಿಟ್ಟಿತು. ರೇಟಣ್ಣ ಅರ್ಧ ಕುಡಿದ ಲೋಟ ಕೆಳಗಿಟ್ಟ. ಎದ್ದು ಹೋದ.

ನಾಳೆ ಬರುತ್ತಾನೆ ಎಂದುಕೊಂಡ ಸ್ಪ್ರಿಂಗು. ಅವನು ಬರಲಿಲ್ಲ. ತಾನೇ ಹೋಗೋಣವೆಂದರೆ ಬಿಗುಮಾನ ಬಿಡಲಿಲ್ಲ. ಯಾರದು ಸರಿ ಎಂದು ಕೇಳಲೂ ಯಾರೂ ಉಳಿದಿರಲಿಲ್ಲ. ಮಾಲೀಕ ಸತ್ತು, ಅಂಗಡಿಯಿದ್ದ ಜಾಗದಲ್ಲಿ ಮೊಬೈಲು ಮಾರುತ್ತಿದ್ದರು. ಹಾಲಿನ ರೇಟು ಏರಿತೆಂದು ರೇಡಿಯೋದಲ್ಲಿ ಬಂದಾಗಲೆಲ್ಲ ಸ್ಪ್ರಿಂಗು ತನ್ನ ಒಂಟಿ ಕೋಣೆಯಲ್ಲಿ ಕೂತು, ತಿಂಗಳ ಹಾಲಿಗೆ ಎಷ್ಟು ಕೋವಿಯಾಯಿತೆಂದು ಲೆಕ್ಕ ಹಾಕುತ್ತಿದ್ದ. ಲೆಕ್ಕ ಮುಗಿದ ಮೇಲೆ ಹೇಳಲು ಎದುರಿಗೆ ಗೋಡೆಯೊಂದೇ ಇರುತ್ತಿತ್ತು.

*

ವ್ಯಾನು ಬರುವುದಕ್ಕೆ ಇನ್ನೂ ಹೊತ್ತಿತ್ತು. ಮಗಳು ಒಂದು ಲೋಟ ಚಹಾ ತಂದು ಸ್ಪ್ರಿಂಗುವಿನ ಕೈಯಲ್ಲಿಟ್ಟು, ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಮಾವ, ಒಂದು ಕೇಳ್ಲಾ? ಆ ಜೋಡುನಳಿಗೆ ರೇಟು ಎಷ್ಟಿತ್ತು ನಿಜವಾಗ್ಲೂ?"

ಚುಚ್ಚುತ್ತಿದ್ದಾಳೆಯೇ ಎಂದು ಸ್ಪ್ರಿಂಗು ಅವಳ ಮುಖ ನೋಡಿದ. ಹಾಗೇನೂ ಕಾಣಲಿಲ್ಲ.

"ಈಗ ಅದ್ಯಾಕೆ ಮಗಳೇ?"

"ಅಪ್ಪನಿಗೆ ಎಲ್ಲಾ ಮರೀತಾ ಬಂದಿತ್ತು. ನಿಮಗೆ ಗೊತ್ತಿಲ್ಲ ಅಲ್ವಾ? ಮೊದಲು ದಾರಿ ಮರೆತರು, ಆಮೇಲೆ ನಮ್ಮನೆಯವರನ್ನ ಮರೆತರು. ನನ್ನನ್ನೂ ಯಾರಮ್ಮ ನೀನು ಅಂದ್ರು. ಅದಕ್ಕೆಲ್ಲ ಅವರು ಬೇಜಾರೇ ಮಾಡ್ಕೊಳ್ಳಲಿಲ್ಲ. ಆದ್ರೆ ಆ ರೇಟು ನೆನಪಿಗೆ ಬರದೇ ಹೋದ ದಿನ ಮಾತ್ರ ಮಗು ಥರ ಅತ್ತುಬಿಟ್ರು ಮಾವ."

ಸ್ಪ್ರಿಂಗು ಲೋಟ ಕೆಳಗಿಟ್ಟ. ಡಾಕ್ಟರಿಗೆ ತೋರಿಸ್ಕೋ ಎಂದಿದ್ದ ತನ್ನ ಮಾತು ನೆನಪಾಯಿತು.

"ನನಗೇನು ಗೊತ್ತು?" ಎಂದಳು ಮಗಳು. "ಬಾಯಿಗೆ ಬಂದದ್ದು ಹೇಳಿದೆ. ನಾಲ್ಕು ನೂರು ಅಂದೆ, ಹೂಂ ಅಂದ್ರು. ಎರಡು ನೂರು ಅಂದೆ, ಅದಕ್ಕೂ ಹೂಂ ಅಂದ್ರು. ಆಮೇಲೆ ತಲೆ ಅಲ್ಲಾಡಿಸಿ, ನಿನ್ನ ಕೈಲಾಗಲ್ಲ, ಸ್ಪ್ರಿಂಗನ್ನ ಕರಿ ಅಂದ್ರು."

"ನನ್ನನ್ನಾ?"

"ಹೂಂ. 'ಅವನು ತಪ್ಪೇ ಹೇಳ್ತಾನೆ. ಅವನ ಬಾಯಿಂದ ಆ ತಪ್ಪು ಕೇಳಿದ್ರೆ ಸಾಕು, ಸರಿಯಾದ್ದು ನನಗೆ ತಾನಾಗೇ ಬಂದುಬಿಡುತ್ತೆ' ಅಂದ್ರು. ಒಂದಿನ ಅಲ್ಲ, ದಿನಾ ಅದೇ. ಬಾಗಿಲು ಸದ್ದಾದ್ರೆ ಸಾಕು, ಸ್ಪ್ರಿಂಗು ಬಂದ್ನಾ ಅನ್ನೋರು."

"ಕರೀಬಾರದಿತ್ತಾ ಮಗಳೇ..." ದನಿ ಅವನಿಗೇ ಕೇಳದಷ್ಟು ಸಣ್ಣಗಾಗಿತ್ತು.

"ನೀವಿಬ್ರೂ ಮಾತು ಬಿಟ್ಟಿದ್ರಲ್ಲ ಮಾವ. ಬಂದು ಮತ್ತೆ ಜಗಳ ಆದ್ರೆ ಅಂತ ಹೆದರಿದೆ."

ರೇಟಣ್ಣ ಸಿಟ್ಟಿಲ್ಲದೆ ಹೋದನಲ್ಲ ಎಂಬ ಸಮಾಧಾನ ಸ್ಪ್ರಿಂಗುವಿಗೆ ಒಂದು ಗಳಿಗೆ ಬಂತು, ಅದರ ಬೆನ್ನಿಗೇ ಸಂಕಟ ಒದ್ದುಕೊಂಡು ಬಂತು. ಇಷ್ಟು ವರ್ಷ ತಾನು ಕಾದದ್ದು ಅದೇ ಜಗಳಕ್ಕೆ. ಅಲ್ಲಿ ಅವನೂ ಅದಕ್ಕೇ ಕಾದಿದ್ದ. ನಡುವೆ ಇದ್ದದ್ದು ಒಂದು ಬಸ್ಸಿನ ದಾರಿ. ಮಗಳನ್ನು ಬೈಯೋಣವೆಂದರೆ, ಆ ಕೆಂಪು ಮೂಗು ನೋಡಿ ಮನಸ್ಸು ಬರಲಿಲ್ಲ. ತನ್ನನ್ನೇ ಬೈದುಕೊಂಡ.

"ಎಷ್ಟಿತ್ತು ಮಾವ, ಹೇಳಲಿಲ್ಲ?" ಎಂದಳು ಅವಳು. ಅಷ್ಟರಲ್ಲಿ ಕೆಳಗಿನಿಂದ ಹಾರ್ನು ಕೇಳಿಸಿತು.

*

ವಿದ್ಯುತ್ ಚಿತಾಗಾರದ ಹಜಾರ ಆಸ್ಪತ್ರೆಯಂತೆ ತೊಳೆದಿಟ್ಟ ಜಾಗ. ಗೋಡೆಯ ಉದ್ದಕ್ಕೂ ಪ್ಲಾಸ್ಟಿಕ್ಕು ಕುರ್ಚಿಗಳಿದ್ದವು, ಹೆಚ್ಚಿನವು ಖಾಲಿ. ಕಬ್ಬಿಣದ ಬಾಗಿಲ ಮುಂದೆ ರೇಟಣ್ಣನನ್ನು ಇಳಿಸಿದರು. ಅಳಿಯ ಅಲ್ಲಿಯ ಕೆಲಸದವನಿಗೆ ಏನೋ ಸಹಿ ಹಾಕಿ ಕೊಟ್ಟ.

"ಕೊನೇ ಸಲ ನೋಡೋರು ನೋಡ್ಕೊಂಡ್ಬಿಡಿ. ಹಿಂದೆ ಇನ್ನೊಬ್ಬರದಿದೆ" ಎಂದ ಕೆಲಸದವ. ಮಾತಿನಲ್ಲಿ ಒರಟಿರಲಿಲ್ಲ, ಅವನ ಕೆಲಸವೇ ಅದು.

ಮಗಳು ಹೋಗಿ ಹಣೆ ಮುಟ್ಟಿದಳು. ಪಕ್ಕದ ಮನೆಯ ಹೆಂಗಸು ಒಂದು ಹೂವಿಟ್ಟಳು. ಸ್ಪ್ರಿಂಗು ಕೊನೆಗೆ ಹೋದ. ಚಟ್ಟದ ಅಂಚು ಹಿಡಿದು ಬಗ್ಗಿ, ಆ ದೊಡ್ಡ ಕಿವಿಯ ಹತ್ತಿರ ಬಾಯಿ ತಂದ.

"ಒಂಬೈನೂರು ಕಣೋ" ಎಂದ.

ಮೇಲೆ ಫ್ಯಾನು ತಿರುಗುತ್ತಿತ್ತು. ಅವನು ಕಾದ.

"ಕೇಳಿಸ್ತಾ? ಜೋಡುನಳಿಗೆ ಒಂಬೈನೂರಿತ್ತು." ಮತ್ತೆ ಕಾದ. ಕೆಲಸದವ ಗಡಿಯಾರ ನೋಡಿದ. ಅಳಿಯ ಹೆಂಡತಿಯ ಮುಖ ನೋಡಿದ.

"ಸಾವಿರ!" ಎಂದ ಸ್ಪ್ರಿಂಗು, ಈ ಸಲ ಗಟ್ಟಿಯಾಗಿ. ಇಡೀ ಹಜಾರಕ್ಕೆ ಕೇಳಿಸಿತು. "ಸಾವಿರ ಇತ್ತು ಕಣೋ!"

ಮಗಳು ಹಿಂದಿನಿಂದ ಬಂದು ಅವನ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟಳು. "ಹೌದು ಮಾವ" ಎಂದಳು, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. "ಸಾವಿರಾನೇ ಇತ್ತು. ಬನ್ನಿ."

ಅವನು ಆ ಕೈ ಸರಿಸಿದ. ಇನ್ನಷ್ಟು ಬಗ್ಗಿದ. "ಎರಡು ಸಾವಿರ" ಎಂದು, ತನ್ನ ಕಿವಿಯನ್ನು ರೇಟಣ್ಣನ ತುಟಿಗೆ ತಾಗುವಷ್ಟು ಹತ್ತಿರ ಹಿಡಿದ.