ಭೀಮನ ಡಬ್ಬಿ

ನಾನು ಒಂದು ಡಬ್ಬಿ. ಯಾವುದೋ ಡಬ್ಬಿ ಎಂದುಕೊಳ್ಳಬೇಡಿ, ಪ್ರೋಟೀನ್ ಪುಡಿಯ ಡಬ್ಬಿ! ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ನನ್ನ ಹೊಟ್ಟೆಯ ಮೇಲೆ ಉಬ್ಬಿದ ತೋಳೊಂದರ ಚಿತ್ರ ಅಂಟಿಸಿದರು. ಅಂದಿನಿಂದ ನನಗೆ ಸೊಕ್ಕು.

ಧಾರವಾಡದ ಅಂಗಡಿಯಿಂದ ನನ್ನನ್ನು ಎತ್ತಿಕೊಂಡು ಹೋದವನು ಹತ್ತಿರದ ಹಳ್ಳಿಯ ದರ್ಜಿ ಅಡಿವೆಪ್ಪ. ಕಡ್ಡಿ ಪೈಲ್ವಾನ. ಆದರೆ ಕಂಠ ದೊಡ್ಡದು, ಅದಕ್ಕೇ ಊರ ದೊಡ್ಡಾಟದಲ್ಲಿ ಭೀಮನ ಪಾತ್ರ ಸಿಕ್ಕಿತ್ತು. ಭೀಮನೇನೋ ಸರಿ, ಕೊನೆಗೆ ಬಕಾಸುರನನ್ನು ಹೆಗಲ ಮೇಲೆ ಎತ್ತಬೇಕಲ್ಲ! ಬಕಾಸುರ ಯಾರೆಂದರೆ ಹಿಟ್ಟಿನ ಗಿರಣಿಯ ಗುರುಸಿದ್ದಪ್ಪ. ಅವನು ಕುಳಿತರೆ ಬೆಂಚು ನರಳುತ್ತದೆ.

"ಯುಗಾದಿಯೊಳಗ ಎತ್ತಲಿಲ್ಲಂದ್ರ ಗದಾ ಬ್ಯಾರೆಯವ್ರಿಗೆ ಕೊಡ್ತೀನಿ," ಎಂದರು ಆಟ ಕಲಿಸುವ ಮಾಸ್ತರರು. ಚಿಕ್ಕಂದಿನಿಂದ ಭೀಮನಾಗಬೇಕೆಂದು ಹಂಬಲಿಸಿದವನು ಮರುದಿನವೇ ಧಾರವಾಡದ ಜಿಮ್ಮಿಗೆ ಓಡಿದ.

ಜಿಮ್ಮಿನವನು, "ಮೊದಲ ಹಗೂರದ್ದು ಎತ್ರಿ, ಹೊಟ್ಟಿ ತುಂಬ ಊಟಾ ಮಾಡ್ರಿ. ಪುಡಿ ಆಮ್ಯಾಲ ನೋಡೂಣು," ಎಂದಿದ್ದ. ಕೇಳುವವರ್ಯಾರು? ಅಡಿವೆಪ್ಪ ಚಮಚ ಬಿಟ್ಟು ಲೋಟದಲ್ಲೇ ಪುಡಿ ಅಳೆದು ಕುಡಿದ. ಅಂದಿನ ತಾಲೀಮಿನಲ್ಲಿ ಭೀಮ ಬಾಯಿ ತೆರೆಯುವ ಮೊದಲೇ ಅವನ ಹೊಟ್ಟೆ ಗುಡುಗಿತು. ಬಕಾಸುರನೇ ಬೆಚ್ಚಿ ಹಿಂದೆ ಸರಿದನಂತೆ! ಕೊಂಡು ತಂದ ಡಂಬೆಲ್ಲು ಮಾತ್ರ ಮೂಲೆ ಬಿಟ್ಟು ಕದಲಲಿಲ್ಲ.

ಆಮೇಲೆ ವಕ್ಕರಿಸಿತು ನನ್ನ ಗ್ರಹಚಾರ. ಹೆಂಡತಿ ಕಾಶವ್ವ ಮುಚ್ಚಳ ತೆಗೆದು ಮೂಸಿ, ಹಾಲಿನ ಪುಡಿ ಎಂದೇ ತಿಳಿದಳು. ಧಾರವಾಡದ ಕಡೆಯವಳ ಕೈಗೆ ಹಾಲಿನ ಪುಡಿ ಸಿಕ್ಕರೆ ಇನ್ನೇನಾದೀತು? ಇದ್ದ ಪುಡಿಗೆಲ್ಲ ಸಕ್ಕರೆ, ತುಪ್ಪ ಬೆರೆಸಿ ಪೇಡೆ ಮಾಡಿ ತಾಲೀಮಿನವರಿಗೆ ಕಳಿಸಿಯೇಬಿಟ್ಟಳು. ಅಷ್ಟನ್ನೂ ಗುರುಸಿದ್ದಪ್ಪ ಒಬ್ಬನೇ ನುಂಗಿದ. ಭೀಮನ ಬಲವೆಲ್ಲ ಬಕಾಸುರನ ಹೊಟ್ಟೆ ಸೇರಿತು!

ಸಂಜೆ ಅಡಿವೆಪ್ಪ ನನ್ನನ್ನು ತಟ್ಟಿ, "ಈ ಪುಡಿ ಇಲ್ಲಂದ್ರ ನಾ ಭೀಮ ಆಗಂಗಿಲ್ಲ," ಎಂದಾಗ ಕಾಶವ್ವನ ಮುಖ ಬಿಳಿಚಿತು. ಅವನು ಅತ್ತ ಹೋದದ್ದೇ ತಡ, ಪುಠಾಣಿ, ಅಂದರೆ ಹುರಿಗಡಲೆ ಕುಟ್ಟಿ, ಏಲಕ್ಕಿ ಹಾಕಿ ನನ್ನೊಳಗೆ ತುಂಬಿದಳು. ಅಯ್ಯೋ, ನನ್ನ ಮಾನ!

"ಇನ್ನ ಮ್ಯಾಲ ನಾನ ಕಲಸಿ ಕೊಡ್ತೀನಿ. ಡಂಬೆಲ್ಲ ಎತ್ತಿದ ಮ್ಯಾಲ!" ಎಂದಳು. ದಿನಾ ಬೆಳಿಗ್ಗೆ ಲೋಟ ಹಿಡಿದು ಅವನ ಮುಂದೆ ಕುಳಿತಳು. ಮಧ್ಯಾಹ್ನ ರೊಟ್ಟಿ, ಹೆಸರುಕಾಳಿನ ಪಲ್ಯ. ಮೊದಲು ಸಣ್ಣ ಡಂಬೆಲ್ಲು, ಆಮೇಲೆ ದೊಡ್ಡದು, ಆಮೇಲೆ ಜೋಳದ ಚೀಲ. ಅಂಗಿಯ ತೋಳು ಬಿಗಿಯಾಗಿ ಅವನೇ ಬಿಚ್ಚಿ ಹೊಲಿದುಕೊಂಡ.

ಆಟದ ದಿನ ಗದೆಯ ಪಕ್ಕದಲ್ಲಿ ನನ್ನನ್ನೂ ಒಯ್ದಿದ್ದ. ನೋಡಿದೆ, ಕಣ್ಣಾರೆ ನೋಡಿದೆ! ಗುರುಸಿದ್ದಪ್ಪ ಹೆಗಲೇರಿದ, ಅಡಿವೆಪ್ಪನ ಕಾಲು ನಡುಗಿತು, ಆದರೆ ನಿಂತಿತು. ಊರಿಗೆ ಊರೇ ಸಿಳ್ಳೆ ಹಾಕಿತು.

ಮನೆಗೆ ಬಂದ ಮೇಲೆ ಕಾಶವ್ವ ಕಣ್ಣೀರಾದಳು. "ತಪ್ಪಾತ್ರಿ. ಡಬ್ಬ್ಯಾಗಿದ್ದದ್ದು ಬರೇ ಪುಠಾಣಿ ಹಿಟ್ಟು."

ಅಡಿವೆಪ್ಪ ನಕ್ಕ. "ಮೊದಲನೇ ಗುಟಕಿಗೇ ಗೊತ್ತಾತ ಬಿಡ. ಆ ಪುಡಿ ಎಲ್ಲೆರ ಏಲಕ್ಕಿ ವಾಸನಿ ಬರತೈತೇನ? ಹೇಳಿದ್ರ ನೀ ಲೋಟಾ ಹಿಡಕೊಂಡು ಮುಂದ ಕುಂದ್ರೂದು ಬಿಡ್ತಿದ್ದಿ. ಅದಕ್ಕ ಸುಮ್ಮನಿದ್ದೆ."

ಈಗ ನನಗೆ ವಯಸ್ಸಾಗಿದೆ. ತೋಳಿನ ಚಿತ್ರ ಸವೆದಿದೆ, ಸೊಕ್ಕೂ ಇಳಿದಿದೆ. ಅಡುಗೆಮನೆಯ ಗೂಡಿನಲ್ಲಿ ಶೇಂಗಾ ಚಟ್ನಿಪುಡಿ ತುಂಬಿಕೊಂಡು ಹಾಯಾಗಿದ್ದೇನೆ. ಊರವರು ಇಂದಿಗೂ ನನ್ನನ್ನು ಭೀಮನ ಡಬ್ಬಿ ಎನ್ನುತ್ತಾರೆ. ಕಾಶವ್ವ ಲೋಟ ತೊಳೆಯುತ್ತಾ ಅದನ್ನು ಕೇಳಿಸಿಕೊಳ್ಳುತ್ತಾಳೆ, ಸುಮ್ಮನೆ ನಗುತ್ತಾಳೆ.