ತೂಗುವ ತೊಟ್ಟಿಲ ಕೆಳಗೆ ಮುರ್ತುಜಸಾಬರು

ಮುರ್ತುಜಸಾಬರು ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು. ಪ್ರವಾಸಿಗರಿಗೆ ಬೆನ್ನು ತೋರಿಸಬಾರದೆಂಬ ಹಟದಿಂದ, ಮೂವತ್ತೆಂಟು ವರ್ಷ ಬಾದಾಮಿಯ ಗುಹೆಗಳ ಮೆಟ್ಟಿಲುಗಳನ್ನು ಹಿಮ್ಮಡಿಯಿಂದಲೇ ತಡವಿಕೊಳ್ಳುತ್ತ ಏರಿದ ಗೈಡ್ ಅವರು. ಮೊಣಕೈ ಸವೆದ ಕಂದು ಕೋಟು ಏಪ್ರಿಲ್ ಬಿಸಿಲಿಗೂ ಮೈಯಿಂದ ಇಳಿಯುತ್ತಿರಲಿಲ್ಲ. ಯಾವ ಮಾತಿಗೂ ಮೊದಲು ‘ಖರೆ ಹೇಳಬೇಕಂದ್ರ’ ಎಂಬುದು ಇರಲೇಬೇಕು.

ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ ಹೇಳುವ ವರದಾ ಮುರ್ತುಜಸಾಬರನ್ನು ಮೊದಲು ಕಂಡದ್ದು ಮೇಲಿನಿಂದ. ಊರಾಚೆಯ ಗುಡ್ಡಕ್ಕೆ ಕಂಪನಿಯೊಂದು ಹಾಕಿದ್ದ ರೋಪ್‌ವೇಯಲ್ಲಿ, ನಿವೃತ್ತ ಶಿಕ್ಷಕಿಯಾದ ತಾಯಿ ರುಕ್ಮಿಣೀಬಾಯಿಯೊಂದಿಗೆ ಅರ್ಧ ದಾರಿ ಏರಿದ್ದಳಷ್ಟೆ, ಯಂತ್ರ ಕೆಟ್ಟು ತೊಟ್ಟಿಲು ಐದಾಳೆತ್ತರದಲ್ಲಿ ನಿಂತುಬಿಟ್ಟಿತು. ಮಟಮಟ ಮಧ್ಯಾಹ್ನ. ಕೆಳಗಿನ ಮೈಕು ‘ಐದೇ ನಿಮಿಷ’ ಎಂದು ಒಮ್ಮೆ ಕೂಗಿ ಸುಮ್ಮನಾಯಿತು. ಮುಕ್ಕಾಲು ತಾಸಾದರೂ ಯಾರೂ ಇತ್ತ ಸುಳಿಯಲಿಲ್ಲ. ಅಗ್ನಿಶಾಮಕದವರನ್ನು ಕರೆದರೆ ಕಂಪನಿಯ ಹೆಸರು ಕೆಡುತ್ತದೆಂದು ಮ್ಯಾನೇಜರ್ ರಾಜಕುಮಾರ ಟಿಕೆಟ್ ಕಿಟಕಿ ಮುಚ್ಚಿಸಿ ಒಳಗೆ ಕೂತಿದ್ದನೆಂಬುದು ಆಮೇಲೆ ತಿಳಿಯಿತು. ಕೊನೆಗೆ ಅಗ್ನಿಶಾಮಕದವರಿಗೆ ಫೋನು ಮಾಡಿದವರು, ಬೇರೆ ಯಾರನ್ನೋ ಗುಡ್ಡ ತೋರಿಸಲು ಕರೆತಂದಿದ್ದ ಮುರ್ತುಜಸಾಬರು.

‘ನಿಮಗ್ಯಾಕ್ರಿ ಈ ಉಸಾಬರಿ? ನೀವೇನ್ ನಮ್ಮ ಸ್ಟಾಫಾ?’ ರಾಜಕುಮಾರ ಹೊರಬಂದು ರೇಗಿದ್ದು ಮೇಲಕ್ಕೂ ಕೇಳಿಸಿತು.

‘ಖರೆ ಹೇಳಬೇಕಂದ್ರ, ಅಲ್ರಿ. ಆದ್ರ ಮ್ಯಾಲಿನವರು ನಮ್ಮೂರಿಗೆ ಬಂದ ಮಂದಿ.’

ಅಷ್ಟು ಹೇಳಿ ಅವರು ತೊಟ್ಟಿಲ ಕೆಳಗೆ ಬಿಸಿಲಿನಲ್ಲೇ ನಿಂತು ಕತ್ತೆತ್ತಿದರು. ರುಕ್ಮಿಣೀಬಾಯಿ ಕಂಬಿ ಹಿಡಿದು ಗಡಗಡ ನಡುಗುತ್ತಿದ್ದರು.

‘ಬಾಯಾರ, ಕೆಳಗ ನೋಡಬ್ಯಾಡ್ರಿ. ದೂರ ಆ ಗವಿ ಕಾಣ್ತಾವಲ್ರಿ, ಅಲ್ಲಿ ಮೂರನೇದು ಮಂಗಳೇಶ ಮಾಡಿಸಿದ್ದು. ಕೀರ್ತಿವರ್ಮನ ಮಗಾ.’

‘ಮಗಾ ಅಲ್ರೀ, ತಮ್ಮ!’ ನಡುಗುವ ದನಿಗೆ ಫಕ್ಕನೆ ಕಸುವು ಬಂತು. ಅಲ್ಲಿಂದ ಮುಂದೆ ಅವರು ತಪ್ಪು ಹೇಳುವುದು, ಈಕೆ ತಿದ್ದುವುದು. ಹೀಗೆಯೇ ಒಂದು ತಾಸು ಕಳೆದು, ಅಗ್ನಿಶಾಮಕದವರ ಏಣಿ ತೊಟ್ಟಿಲನ್ನು ಮುಟ್ಟಿತು.

ನೆಲ ಮುಟ್ಟಿ ನೀರು ಕುಡಿದ ಮೇಲೂ ರುಕ್ಮಿಣೀಬಾಯಿಗೆ ಸಮಾಧಾನವಿಲ್ಲ. ‘ಗೈಡ್ ಆಗಿ ಇಷ್ಟೂ ಗೊತ್ತಿಲ್ಲೇನ್ರಿ?’

‘ಗೊತ್ತಿತ್ರಿ. ನಿಮ್ಮ ನಡುಕ ನಿಲ್ಲಬೇಕಾಗಿತ್ತು.’

ಆ ಮಾತಿಗೆ ಅಮ್ಮ ಅಲ್ಲೇ ಕಣ್ಣೊರೆಸಿಕೊಂಡದ್ದನ್ನು ವರದಾ ಮರೆತಿಲ್ಲ. ತಿಂಗಳಾದ ಮೇಲೆ ಮುರ್ತುಜಸಾಬರನ್ನು ಹುಡುಕಿಕೊಂಡು ಹೋದಾಗ, ಕಂಪನಿಯವರು ಅವರನ್ನು ರೋಪ್‌ವೇ ಗೇಟಿನೊಳಗೆ ಬಿಡುತ್ತಿಲ್ಲವೆಂದು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು. ದೂರು ಬರೆಯುತ್ತೇನೆಂದಳು.

‘ಬರೀರಿ, ನಾ ಸಾಕ್ಷಿ ಹೇಳ್ತೇನಿ. ನನ್ನ ಸಲುವಾಗಿ ಬ್ಯಾಡ, ಮುಂದ ಏರೋ ಮಂದಿ ಸಲುವಾಗಿ ಬರೀರಿ.’

ಬರೆದಳು. ತಪಾಸಣೆಯಾಗಿ ಯಂತ್ರ ಬದಲಾಯಿತು. ಅವರಿಗೆ ಮಾತ್ರ ಆ ಗೇಟು ಇನ್ನೂ ತೆರೆದಿಲ್ಲ.

ಊರೂರಲ್ಲೂ ಇಂಥವರಿರುತ್ತಾರೆ. ಯಾವ ಕಡತವೂ ಇವರಿಗೆ ಹುದ್ದೆ ಕೊಟ್ಟಿಲ್ಲ, ಬಂದವರ ಕ್ಷೇಮವನ್ನು ಯಾರೂ ಇವರಿಗೆ ಒಪ್ಪಿಸಿಲ್ಲ, ತಾವಾಗಿ ಹೊತ್ತುಕೊಂಡದ್ದು. ಪರವೂರೊಂದು ನಮಗೆ ಒಳ್ಳೆಯ ಊರಾಗಿ ನೆನಪಿನಲ್ಲಿ ಉಳಿದಿದ್ದರೆ, ಅದಕ್ಕಾಗಿ ನಾವು ಮೊದಲು ಕೈಮುಗಿಯಬೇಕಾದದ್ದು ಇವರಿಗೆ.